ನಿಮ್ಮ ನಾಯಿ ಏನು ಕದಿಯುತ್ತೆ?

ಕಳೆದ ಒಂದು ವರ್ಷದಲ್ಲಿ ಎಷ್ಟು ಮಂದಿ ಕರ್ನಲ್‌ಗಳಿಗೆ ಬೆಂಗಳೂರಿಗೆ ವರ್ಗವಾಗಿದೆ ಎಂಬುದು ಸೇನೆಯವರಿಗೆ ಗೊತ್ತೋ ಇಲ್ಲವೋ, ಚಾಮರಾಜಪೇಟೆಯ ರುದ್ರಾಣಿಯವರಿಗೆ ಗೊತ್ತು. ಅವರ ಮೊಬೈಲಿಗೆ ಆಗಾಗ ಒಬ್ಬ ಕರ್ನಲ್ ಬರುತ್ತಾನೆ. ಎಲ್ಲರದೂ ತುರ್ತು ವರ್ಗಾವಣೆ. ಎಲ್ಲರ ಬಳಿಯೂ ಕೆಲವು ದಿನ ಇವರ ಮನೆಯಲ್ಲಿ ಬಿಡಬೇಕಾದ ಒಂದು ಲ್ಯಾಬ್ರಡಾರ್. ಎಲ್ಲರೂ ಮುಂಗಡ ಕೊಡಲು ತುದಿಗಾಲಲ್ಲಿ ನಿಂತವರೇ. ಮುಂಗಡ ಬಂದು ಸೇರಬೇಕಾದರೆ ಮಾತ್ರ ಅವರು ಕಳಿಸಿದ ಕ್ಯೂಆರ್ ಕೋಡನ್ನು ರುದ್ರಾಣಿಯವರು ಸ್ಕ್ಯಾನ್ ಮಾಡಿ, ತಮ್ಮ ಪಿನ್ ಒತ್ತಬೇಕು, ಅಷ್ಟೇ.

ರುದ್ರಾಣಿಯವರು ಬೈಯುವುದಿಲ್ಲ. ಬ್ಲಾಕ್ ಮಾಡಲೂ ಅವಸರಿಸುವುದಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು, ಕನ್ನಡಕ ಏರಿಸಿಕೊಂಡು, ಒಂದೇ ಒಂದು ಪ್ರಶ್ನೆ ಟೈಪ್ ಮಾಡುತ್ತಾರೆ: ‘ನಿಮ್ಮ ನಾಯಿ ಮನೇಲಿ ಏನು ಕದಿಯುತ್ತೆ?’

ಕರ್ನಲ್‌ಗಳು ಸೋಲುವುದು ಇಲ್ಲೇ. ನನ್ನ ನಾಯಿ ಬಹಳ ಶಿಸ್ತಿನದು ಮೇಡಂ, ಅದು ಏನನ್ನೂ ಕದಿಯುವುದಿಲ್ಲ, ದಯವಿಟ್ಟು ಕೋಡ್ ಸ್ಕ್ಯಾನ್ ಮಾಡಿ ಎಂದು ಉತ್ತರ ಬರುತ್ತದೆ.

“ನಾಯಿ ಕದಿಯಲ್ವಂತೆ. ಅಂದ್ರೆ ಮನೇಲಿ ಕದಿಯೋನು ಇವನೊಬ್ನೇ,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ, ಆಮೇಲೆ ಬ್ಲಾಕ್ ಮಾಡುತ್ತಾರೆ.

ನಿಜವಾಗಿ ನಾಯಿ ಸಾಕಿದವರ ಉತ್ತರ ಹೀಗಿರುವುದಿಲ್ಲ. ಈ ಪ್ರಶ್ನೆ ಕೇಳಿದ್ದೇ ತಡ, ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ. ನಮ್ಮದು ಕಾಲುಚೀಲ ಕದಿಯುತ್ತೆ, ಅದೂ ಎಡಗಾಲಿನದು ಮಾತ್ರ ಎಂದು ಒಬ್ಬರು. ಯುಗಾದಿಗೆ ರುಬ್ಬಿಟ್ಟ ಹೋಳಿಗೆ ಹೂರಣವನ್ನೆಲ್ಲ ತಿಂದು, ಮೂತಿಗೆ ಮೆತ್ತಿಕೊಂಡು, ತನಗೇನೂ ಗೊತ್ತಿಲ್ಲದಂತೆ ಬಾಗಿಲಲ್ಲಿ ಕೂತಿತ್ತು ಎಂದು ಇನ್ನೊಬ್ಬರು. ಮತ್ತೊಬ್ಬ ಹೆಂಗಸು ತಮ್ಮ ಅತ್ತೆಯ ಹಲ್ಲಿನ ಸೆಟ್ಟು ಕಳುವಾದ ಕಥೆಯನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಲು ಶುರುಮಾಡಿ, ನಗು ತಡೆಯಲಾರದೆ ಅರ್ಧಕ್ಕೇ ನಿಲ್ಲಿಸಿ, ಮತ್ತೆ ಮೊದಲಿನಿಂದ ಹೇಳಿದ್ದರು. ಅಂಥವರ ಬುಕಿಂಗನ್ನು ರುದ್ರಾಣಿಯವರು ಕಣ್ಣುಮುಚ್ಚಿ ಒಪ್ಪಿಕೊಳ್ಳುತ್ತಾರೆ.

ಅವರ ಕೆಲಸ ಇಷ್ಟು: ಊರಿಗೋ ಪ್ರವಾಸಕ್ಕೋ ಹೋಗುವವರ ನಾಯಿ, ಬೆಕ್ಕುಗಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದು. ಇದಕ್ಕೆಂದೇ ಇರುವ ಒಂದು ಆ್ಯಪಿನಲ್ಲಿ ಅವರ ಹೆಸರು, ಫೋಟೋ ಇವೆ. ಅದನ್ನು ಹಾಕಿಕೊಟ್ಟವನು ಮಗ ಪ್ರಭುದೇವ. ಅಮ್ಮನಿಗೆ ಹೊತ್ತು ಹೋಗಲಿ ಎಂದು ಅವನು ಮಾಡಿದ್ದು. ಅಮ್ಮನಿಗೆ ಈಗ ಹೊತ್ತೇ ಸಾಲುವುದಿಲ್ಲ. ಐವತ್ತು ದಾಟಿದ ಮೇಲೆ, ಯಾರ ಮಗಳು, ಯಾರ ಸೊಸೆ ಎಂದು ಹೇಳಿಕೊಳ್ಳದೆ ತಮ್ಮದೇ ಹೆಸರಿನಲ್ಲಿ ಮಾಡುತ್ತಿರುವ ಮೊದಲ ಕೆಲಸ ಇದು.

ಯಾಕೆಂದರೆ ರುದ್ರಾಣಿಯವರು ತರಗುಪೇಟೆಯ ಒಂದು ಬೇಳೆ ಅಂಗಡಿಯ ಮಗಳು, ಇನ್ನೊಂದು ಬೇಳೆ ಅಂಗಡಿಯ ಸೊಸೆ. ಎರಡು ಅಂಗಡಿಗಳ ನಡುವೆ ಒಂದು ಬೆಲ್ಲದ ಮಂಡಿ, ಒಂದು ಟೀ ಅಂಗಡಿ, ಅಷ್ಟೇ ಅಂತರ. “ಮದ್ವೆ ಆಗಿ ಎಷ್ಟು ದೂರ ಬಂದೆ ಅಂದ್ರೆ, ಅಪ್ಪ ಸೀನಿದ್ರೆ ಇಲ್ಲಿಗೆ ಕೇಳಿಸ್ತಿತ್ತು,” ಎನ್ನುತ್ತಾರೆ. ಗಂಡ ಪಂಚಾಕ್ಷರಯ್ಯನವರು ಇಂದಿಗೂ ಬೆಳಗ್ಗೆ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ರಸ್ಕು ಅದ್ದಿ ಕಾಫಿ ಕುಡಿದು, ಪೇಪರಿನ ಕೊನೆಯ ಪುಟದವರೆಗೂ ಓದಿದ ಮೇಲೆಯೇ ಅಂಗಡಿಗೆ ಹೊರಡುವುದು. ಮನೆಗೆ ನಾಯಿಗಳು ಬರತೊಡಗಿದಾಗ ಅವರು ಹೆಚ್ಚು ಮಾತಾಡಲಿಲ್ಲ. “ದೇವರ ಮನೆ, ಅಡುಗೆ ಮನೆ, ನನ್ನ ಕುರ್ಚಿ. ಈ ಮೂರರ ಹತ್ರ ಬರಬಾರ್ದು,” ಎಂದರು. ನಾಯಿಗಳು ಒಪ್ಪಿಕೊಂಡವು.

ಎಲ್ಲ ಸಲೀಸಾಗಿಯೇ ನಡೆದಿತ್ತು, ‘ಬಾಕಿ’ ಬರುವವರೆಗೆ.

ಅದು ಆದದ್ದು ಹೋದ ವರ್ಷ. ಬಹಳ ಒಪ್ಪವಾಗಿದ್ದ ಗಂಡ ಹೆಂಡತಿ. ಕೈಯಲ್ಲಿ ಹಣ್ಣಿನ ಚೀಲ, ಬಾಯಲ್ಲಿ ಆಂಟಿ, ಅಂಕಲ್. ವಾರದ ದುಡ್ಡನ್ನೆಲ್ಲ ಮೊದಲೇ ಕೊಟ್ಟು, ಕಂದು ಬಣ್ಣದ ಒಂದು ಎಳೆಯ ನಾಯಿಯನ್ನು ಬಿಟ್ಟು ಹೋದರು. ವಾರ ಕಳೆಯಿತು, ಯಾರೂ ಬರಲಿಲ್ಲ. ಫೋನ್ ಸ್ವಿಚ್ ಆಫ್. ಕೊಟ್ಟಿದ್ದ ವಿಳಾಸಕ್ಕೆ ಪ್ರಭುದೇವ ಹೋಗಿ ನೋಡಿದರೆ ಅಲ್ಲಿ ಬಟ್ಟೆ ಇಸ್ತ್ರಿ ಮಾಡುವ ಅಂಗಡಿ. ನಾಯಿಯನ್ನು ಕೈಬಿಡಲೆಂದೇ ಬಂದವರು ಅವರು. ಬೀದಿಗೆ ಬಿಡಲು ಮನಸ್ಸು ಒಪ್ಪದೆ ರುದ್ರಾಣಿಯವರ ಮನೆಗೆ ಬಿಟ್ಟಿದ್ದರು. ನಾಯಿ ಅಲ್ಲೇ ಉಳಿಯಿತು. “ಯಾರೂ ವಸೂಲಿಗೆ ಬರ್ದೇ ಇರೋದು ಇದೊಂದೇ ಬಾಕಿ,” ಎಂದು ಪಂಚಾಕ್ಷರಯ್ಯನವರು ಗೊಣಗಿದ್ದೇ ಅದಕ್ಕೆ ಹೆಸರಾಯಿತು.

ಆ ದಿನವೇ ಅವರು ಇನ್ನೊಂದು ಮಾತನ್ನೂ ಹೇಳಿದರು. ದನಿ ಎತ್ತರಿಸಲಿಲ್ಲ, ಹಾಗಾಗಿ ಅದು ತಮಾಷೆಯಲ್ಲ ಎಂದು ರುದ್ರಾಣಿಯವರಿಗೆ ತಿಳಿಯಿತು. “ಒಂದು ಸರಿ. ಇನ್ನೊಂದು ನಾಯಿ ಹೀಗೆ ಈ ಮನೇಲಿ ಉಳೀತು ಅಂದ್ರೆ, ಆ ಆ್ಯಪು ತೆಗೆದುಬಿಡು. ನಮ್ಮನೆ ಏನು ಛತ್ರ ಅಲ್ಲ.”

ರುದ್ರಾಣಿಯವರು ಒಪ್ಪಿಕೊಂಡರು. ಬೇಸರವಾದದ್ದು ಗಂಡನ ಮಾತಿಗಲ್ಲ, ತಾವು ಮೋಸಹೋದ ಬಗೆಗೆ. ಅಪ್ಪನ ಅಂಗಡಿಯಲ್ಲಿ ಒಂದು ಮೊನಚಾದ ಕಬ್ಬಿಣದ ಕೊಳವೆ ಇತ್ತು. ಮಾಲು ಬಂದಿಳಿದಾಗ ಅಪ್ಪ ಅದನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನ ಕಾಳನ್ನು ಅಂಗೈಗೆ ಸುರಿದುಕೊಳ್ಳುತ್ತಿದ್ದರು. “ಚೀಲದ ಬಾಯಲ್ಲಿ ಎಲ್ರೂ ಒಳ್ಳೇ ಕಾಳೇ ಇಡ್ತಾರೆ ಮಗಳೇ. ನಡುವೆ ಏನಿದೆ ನೋಡ್ಬೇಕು.” ಹಣ್ಣಿನ ಚೀಲ, ಮುಂಗಡ, ಆಂಟಿ, ಅಂಕಲ್, ಇವೆಲ್ಲ ಚೀಲದ ಬಾಯಿಯ ಕಾಳು. ಒಳಗೆ ಚುಚ್ಚಿ ನೋಡುವ ಕೊಳವೆ ತಮ್ಮ ಬಳಿ ಇರಲಿಲ್ಲ.

ಆ ಕೊಳವೆ ಸಿಕ್ಕಿದ್ದು ಬಾಕಿಯಿಂದಲೇ. ಒಂದು ಮಧ್ಯಾಹ್ನ ಅದು ಒಣಹಾಕಿದ್ದ ಪಂಚಾಕ್ಷರಯ್ಯನವರ ಬನಿಯನ್ನನ್ನು ಎಳೆದುಕೊಂಡು ಹೋಗಿ ಮಂಚದಡಿ ಅವಿತಿತು. ಅದನ್ನು ಪಕ್ಕದ ಮನೆಯವರಿಗೆ ಹೇಳುವಾಗ ರುದ್ರಾಣಿಯವರಿಗೆ ತಮ್ಮ ದನಿಯೇ ಕೇಳಿಸಿತು: ದೂರಿನಂತೆ ಶುರುವಾಗಿ ಹೆಮ್ಮೆಯಲ್ಲಿ ಮುಗಿಯುವ ದನಿ. ಪ್ರೀತಿ ಇದ್ದವರು ಮಾತ್ರ ಕಳ್ಳತನವನ್ನು ಹೀಗೆ ಹೇಳಬಲ್ಲರು. ಪ್ರೀತಿ ಇಲ್ಲದವರಿಗೆ ಹೇಳಲು ಏನೂ ಇರುವುದಿಲ್ಲ. ಅಂದಿನಿಂದ ಬುಕಿಂಗ್ ಕೇಳುವ ಪ್ರತಿಯೊಬ್ಬರಿಗೂ ಆ ಪ್ರಶ್ನೆ.

ಈ ಬೇಸಿಗೆಯಲ್ಲಿ, ಮಾವಿನ ಹಣ್ಣು ಬಂದು ಮದುವೆಗಳ ಗಲಾಟೆ ಜೋರಾಗಿದ್ದಾಗ, ಒಂದು ಕೋರಿಕೆ ಬಂತು. ಹೆಸರಿನ ಜಾಗದಲ್ಲಿ ‘ಭಾಸ್ಕರ’ ಎಂದಿತ್ತು. ಫೋಟೋ ಇಲ್ಲ, ನಾಯಿಯದೂ ಇಲ್ಲ. ರುದ್ರಾಣಿಯವರು ಅದನ್ನು ಓದಿ, ಮತ್ತೆ ಓದಿ, ಪೇಪರಿನ ಹಿಂದಿದ್ದ ಗಂಡನಿಗೆ ಜೋರಾಗಿ ಓದಿ ಹೇಳಿದರು.

“‘ಮಾನ್ಯರೇ, ಒಂದು ಶ್ವಾನವನ್ನು ಒಂದು ವಾರದ ಮಟ್ಟಿಗೆ ತಮ್ಮ ಸುಪರ್ದಿಗೆ ಒಪ್ಪಿಸಲು ಇಚ್ಛಿಸುತ್ತೇನೆ. ತಮ್ಮ ಗೃಹವು ನೆಲ ಅಂತಸ್ತಿನಲ್ಲಿದೆಯೇ? ಹಿಂಬಾಗಿಲಿಗೆ ಅಗುಳಿ ಇದೆಯೇ? ಮಧ್ಯಾಹ್ನದ ವೇಳೆ ಮನೆಯಲ್ಲಿ ಯಾರು ಯಾರು ಇರುತ್ತಾರೆ? ಪೀಠೋಪಕರಣಗಳನ್ನು ಆಗಾಗ್ಗೆ ಸ್ಥಳಾಂತರಿಸುವ ಅಭ್ಯಾಸವಿದೆಯೇ? ದೂರವಾಣಿ ಕರೆ ಮಾಡಬೇಡಿ. ಪೂರ್ಣ ಶುಲ್ಕವನ್ನು ಮುಂಚಿತವಾಗಿ ಪಾವತಿಸುತ್ತೇನೆ. ಶ್ವಾನವನ್ನು ಬೇರೊಬ್ಬರು ತಂದು ಬಿಡುವರು.’”

ಪೇಪರು ಕೆಳಗಿಳಿಯಿತು.

“ಇವನು ನಾಯಿ ಬಿಡೋಕೆ ಬರ್ತಿರೋನಲ್ಲ ಕಣೇ. ಬೀರು ಎತ್ಕೊಂಡ್ ಹೋಗೋಕೆ ಬರ್ತಿರೋನು.”

“ಬೀರು ಎತ್ತೋನಿಗೆ ಪೀಠೋಪಕರಣ ಯಾಕ್ರೀ?”

“ಕುರ್ಚಿ ಮಂಚ ಎಲ್ಲೆಲ್ಲಿದೆ ಅಂತ ಗೊತ್ತಿದ್ರೆ ಕತ್ತಲಲ್ಲಿ ಎಡವಲ್ವಲ್ಲ. ಪ್ಲಾನ್ ಹಾಕಿದಾನೆ.”

“ಇಂಥ ಕನ್ನಡ ಮನುಷ್ಯರು ಬರೆಯಲ್ಲ. ಕಂಪ್ಯೂಟರಲ್ಲಿ ಹಾಕಿ ತೆಗ್ದಿದಾನೆ, ಎಲ್ಲೋ ಕೂತ್ಕೊಂಡು.”

“ಕಳ್ಳನೇ ಆಗಿದ್ರೆ ಪೊಲೀಸ್‌ಗೆ ಹೇಳೋಣ, ಸರಿ. ನಿಜವಾಗ್ಲೂ ನಾಯಿ ಇದ್ಬಿಟ್ರೆ?” ಪಂಚಾಕ್ಷರಯ್ಯನವರು ಬಾಕಿಯ ಕಡೆ ನೋಡಿದರು. ಹೊಸಿಲಿನ ಮೇಲೆ ಗದ್ದವೂರಿ ಮಲಗಿದ್ದ ಬಾಕಿ ಬಾಲ ಅಲ್ಲಾಡಿಸಿತು. “ಫೋನ್ ಮಾಡ್ಬೇಡಿ ಅಂತಾನೆ, ದುಡ್ಡು ಮೊದ್ಲೇ ಅಂತಾನೆ, ತಾನು ಬರಲ್ಲ ಅಂತಾನೆ. ಇದರಪ್ಪ ಅಮ್ಮನೂ ಹಿಂಗೇ ತಾನೇ ಬಂದಿದ್ದು? ನನ್ನ ಮಾತು ನೆನಪಿದೆ ತಾನೇ?”

ನೆನಪಿತ್ತು. ರುದ್ರಾಣಿಯವರು ಕೊಳವೆ ಚುಚ್ಚಿದರು: ‘ನಿಮ್ಮ ನಾಯಿ ಮನೇಲಿ ಏನು ಕದಿಯುತ್ತೆ?’

ಉತ್ತರ ಕೂಡಲೇ ಬಂತು. ‘ಅದು ಏನನ್ನೂ ಕದಿಯುವುದಿಲ್ಲ.’

ಒಳಗಿನ ಕಾಳು ಜೊಳ್ಳು. ರುದ್ರಾಣಿಯವರು ‘ಜಾಗ ಇಲ್ಲ, ಕ್ಷಮಿಸಿ’ ಎಂದು ಬರೆದು, ಫೋನು ಮಗುಚಿಟ್ಟು, ಹಾಗಲಕಾಯಿ ಹೆಚ್ಚಲು ಕುಳಿತರು. ಪಂಚಾಕ್ಷರಯ್ಯನವರು ನೆಮ್ಮದಿಯಿಂದ ಅಂಗಡಿಗೆ ಹೊರಟರು.

ಮಾರನೆಯ ದಿನ, ಸ್ನಾನ ಮಾಡಿಸಿದ ಬಾಕಿಯನ್ನು ಟವೆಲಿನಲ್ಲಿ ಒರೆಸುತ್ತಿದ್ದಾಗ ಮತ್ತೆ ಸಂದೇಶ ಬಂತು. ಹೆಸರು ಅದೇ, ಕನ್ನಡ ಮಾತ್ರ ಬೇರೆ. ಬೆರಳು ನಿಧಾನವಾದವರು ಹೇಗೋ ಬರೆದು ಮುಗಿಸಿದ ಹಾಗಿತ್ತು.

‘ಅಮ್ಮ, ನಿನ್ನೆ ನಾನು ಬರೆದದ್ದು ನಿಜ, ಆದರೆ ಪೂರ್ತಿ ಅಲ್ಲ. ನಮ್ಮವನು ಮೊದಲು ಚಕ್ಕುಲಿ ಕದಿಯುತ್ತಿದ್ದ. ಡಬ್ಬಿಯ ಮುಚ್ಚಳವನ್ನು ಸದ್ದಾಗದ ಹಾಗೆ ತೆಗೆಯುತ್ತಿದ್ದ. ಅಷ್ಟು ಜಾಣ. ಈಗ ವಯಸ್ಸಾಗಿ ಅವನಿಗೆ ಕಣ್ಣು ಕಾಣುವುದಿಲ್ಲ, ಡಬ್ಬಿ ಎಲ್ಲಿದೆ ಗೊತ್ತಾಗುವುದಿಲ್ಲ. ಅದಕ್ಕೆ ಸಂಜೆ ಹೊತ್ತು ಗೋಡೆಯ ಕೆಳಗಿನ ಗೂಡಿನ ಅಂಚಿನಲ್ಲಿ ನಾನೇ ಒಂದು ಚಕ್ಕುಲಿ ಇಟ್ಟು, ಬೇರೆ ಕಡೆ ನೋಡುತ್ತ ಕೂರುತ್ತೇನೆ. ಅವನು ಮೂಸಿಕೊಂಡು ಬಂದು, ನಾನು ಸುಮ್ಮನಿದ್ದೇನೆ ಎಂದು ಖಾತ್ರಿ ಮಾಡಿಕೊಂಡು, ಎತ್ತಿಕೊಂಡು ಓಡುತ್ತಾನೆ. ತಾನು ಕದ್ದೆ ಎಂದುಕೊಂಡಿದ್ದಾನೆ. ಇದಕ್ಕೆ ಕದಿಯುವುದು ಎನ್ನಬೇಕೋ ಬೇಡವೋ ತಿಳಿಯದೆ ಇಲ್ಲ ಎಂದು ಬರೆದೆ. ಕುರುಡು ನಾಯಿ ಎಂದ ಕೂಡಲೇ ಎಲ್ಲರೂ ಬೇಡ ಎನ್ನುತ್ತಾರೆ, ಅದಕ್ಕೆ ಅದನ್ನೂ ಹೇಳಿರಲಿಲ್ಲ.’

ರುದ್ರಾಣಿಯವರು ಟವೆಲನ್ನು ಬಾಕಿಯ ತಲೆಯ ಮೇಲೆಯೇ ಬಿಟ್ಟು ಜಗುಲಿಯ ಮೇಲೆ ಕುಳಿತರು. ನೆಲ ಅಂತಸ್ತು, ಮೆಟ್ಟಿಲಿರಬಾರದೆಂದು. ಹಿಂಬಾಗಿಲ ಅಗುಳಿ, ತಿಳಿಯದೆ ಹೊರಗೆ ಹೋಗಬಾರದೆಂದು. ಪೀಠೋಪಕರಣ, ಕಾಣದ ನಾಯಿ ಮನೆಯನ್ನು ಮೈಯಿಂದಲೇ ಅಳೆದು ನೆನಪಿಟ್ಟುಕೊಳ್ಳುತ್ತದೆ ಎಂದು. ಮಧ್ಯಾಹ್ನ ಯಾರಿರುತ್ತಾರೆ, ಒಂಟಿಯಾಗಬಾರದೆಂದು. ಪ್ರತಿ ಪ್ರಶ್ನೆಯೂ ಈಗ ಬೇರೆಯೇ ಆಗಿ ಕಂಡಿತು.

ಸಂಜೆ ಗಂಡನಿಗೆ ಓದಿ ಹೇಳಿದರು. ಪಂಚಾಕ್ಷರಯ್ಯನವರು ಕೈಕಾಲು ತೊಳೆದು ಬಂದು ಕುರ್ಚಿಯಲ್ಲಿ ಕುಳಿತರು.

“ಕಣ್ಣು ಕಾಣದ ಮುದಿ ನಾಯಿ. ಕೈಬಿಡೋರು ಬಿಡೋದು ಇಂಥವನ್ನೇ,” ಎಂದರು.

“ಕೈಬಿಡೋರು ಚಕ್ಕುಲಿ ಇಟ್ಟು ಬೇರೆ ಕಡೆ ನೋಡ್ತಾರೇನ್ರೀ?”

“ಕಥೆ ಕಟ್ಟೋದು ಯಾರಿಗೆ ಬರಲ್ಲ?”

“ಹಾಗಾದ್ರೆ ಮುಖ ನೋಡೋಣ. ನೀವೂ ಬನ್ನಿ. ತರಗುಪೇಟೇಲಿ ಸುಳ್ಳು ಹೇಳೋರನ್ನ ನಿಮಗಿಂತ ಜಾಸ್ತಿ ಯಾರು ನೋಡಿದಾರೆ?”

ಈ ಹೊಗಳಿಕೆಗೆ ಪಂಚಾಕ್ಷರಯ್ಯನವರು ಸಿಕ್ಕಿಬಿದ್ದರು. ನಾಯಿಯ ಜೊತೆ ನೀವೇ ಬಂದು ಭೇಟಿಯಾದರೆ ಮಾತ್ರ ಎಂದು ರುದ್ರಾಣಿಯವರು ಬರೆದರು. ಮನೆಗೆ ಬರಲು ಆ ಕಡೆಯವರು ಒಪ್ಪಲಿಲ್ಲ. ಭಾನುವಾರ ಬೆಳಗ್ಗೆ ಮಕ್ಕಳ ಕೂಟದ ಪಾರ್ಕಿನ ಗೇಟಿನ ಹೊರಗೆ, ಎಳನೀರು ಗಾಡಿಯ ಹತ್ತಿರ ಎಂದು ಗೊತ್ತಾಯಿತು.

ಭಾನುವಾರ ಬಿಸಿಲು ಬೆಳಗ್ಗೆಯೇ ಚುರುಗುಟ್ಟುತ್ತಿತ್ತು. ಎಳನೀರು ಗಾಡಿಯ ನೆರಳಿನಲ್ಲಿ ಒಬ್ಬರು ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಕಪ್ಪು ಕನ್ನಡಕ. ತಲೆಗೆ, ಆ ಬಿಸಿಲಿನಲ್ಲಿ, ಕಿವಿ ಗಂಟಲು ಎಲ್ಲ ಮುಚ್ಚುವ ಉಣ್ಣೆಯ ಮಂಕಿ ಕ್ಯಾಪು. ಹೋಗಿಬರುವವರೆಲ್ಲ ಅವರನ್ನೇ ತಿರುಗಿ ನೋಡುತ್ತಿದ್ದರು. ಅವರ ಕಾಲ ಬಳಿ ಕಂದು ಬಣ್ಣದ ಒಂದು ನಾಟಿ ನಾಯಿ, ಒಂದು ಕಿವಿ ಮಾತ್ರ ಹಾಲಿನಂತೆ ಬಿಳಿ, ಕುಳಿತಿತ್ತು. ಮುಖ ತುಸು ಮೇಲೆತ್ತಿ ಗಾಳಿಯಲ್ಲಿ ಏನನ್ನೋ ಓದುತ್ತಿತ್ತು.

“ಭಾಸ್ಕರ ಅವ್ರಾ?” ಎಂದರು ಪಂಚಾಕ್ಷರಯ್ಯ, ಎದೆ ಸೆಟೆದು.

“ಆಂ?” ಎಂದರು ಟೋಪಿಯವರು, ಬೀದಿಗೆಲ್ಲ ಕೇಳುವಂತೆ.

“ಭಾಸ್ಕರ ಅವ್ರು ನೀವೇನಾ ಅಂದೆ!”

“ಅಲ್ಲ, ಅಲ್ಲ. ಇವನು!” ಅವರು ನಾಯಿಯನ್ನು ತೋರಿಸಿದರು.

ಪಂಚಾಕ್ಷರಯ್ಯನವರು ಒಂದು ಹೆಜ್ಜೆ ಮುಂದೆ ಬಂದು, ಟೋಪಿಯೊಳಗಿನ ಮೂಗನ್ನು ದಿಟ್ಟಿಸಿದರು. “ಮೇಷ್ಟ್ರೇ? ಬದರೀನಾರಾಯಣ ಮೇಷ್ಟ್ರಲ್ವಾ ನೀವು?”

ಟೋಪಿಯವರು ಎದುರಿದ್ದವರ ಮುಖ ನೋಡಿ, ತರಗುಪೇಟೆಯ ಬೇಳೆ ಅಂಗಡಿಯವರೆಂದು ತಿಳಿದದ್ದೇ, ಎಳನೀರು ರಾಶಿಯ ಹಿಂದೆ ಸರಿಯಲು ನೋಡಿದರು. ಆಗಲಿಲ್ಲ. ಬಸವನಗುಡಿಯ ಕಾಲೇಜೊಂದರಲ್ಲಿ ಗಣಿತ ಹೇಳಿ ನಿವೃತ್ತರಾದ ಬದರೀನಾರಾಯಣರು ಪಂಚಾಕ್ಷರಯ್ಯನವರ ಹಳೆಯ ಗಿರಾಕಿ. ತೊಗರಿಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು, ಬೆಳಕಿಗೆ ಹಿಡಿದು, ಒಂದೆರಡು ಬಾಯಿಗೂ ಹಾಕಿಕೊಂಡು, ಆಮೇಲೆ ‘ಹೂಂ’ ಎನ್ನುವವರು. ಆ್ಯಪಿನಲ್ಲಿ ಬರೀ ‘ರುದ್ರಾಣಿ, ಚಾಮರಾಜಪೇಟೆ’ ಎಂದಿದ್ದುದರಿಂದ ಅದು ಇವರ ಮನೆಯೆಂದು ಅವರಿಗೆ ತಿಳಿದಿರಲಿಲ್ಲ.

“ಈ ಬಿಸಿಲಲ್ಲಿ ಇದೇನ್ ಸ್ವಾಮಿ ವೇಷ?”

ಉತ್ತರ ಬಂದದ್ದು ಹಿಂದೆ ನಿಂತಿದ್ದ ಆಟೋದಿಂದ. ಮಾವಿನ ಹಣ್ಣಿನ ಬಣ್ಣದ ಸೀರೆಯುಟ್ಟ ಒಬ್ಬ ಹೆಂಗಸು ನಗುತ್ತಲೇ ಇಳಿದು ಬಂದರು. “ನಾನ್ ಹೇಳ್ದೆ, ಟೋಪಿ ಬೇಡ, ಎಲ್ರೂ ನಿಮ್ಮನ್ನೇ ನೋಡ್ತಾರೆ ಅಂತ. ಕೇಳಿದ್ರೆ ತಾನೇ? ಕೇಳ್ಸಿದ್ರೂ ಕೇಳಲ್ಲ.” ಅವರು ರುದ್ರಾಣಿಯವರ ಕೈ ಹಿಡಿದುಕೊಂಡರು. “ನಾನು ತ್ರಿಪುರಸುಂದರಿ ಅಂತ. ಮಲ್ಲೇಶ್ವರ. ನಾಯೀನ ತಂದು ಬಿಡೋ ‘ಬೇರೊಬ್ಬರು’ ನಾನೇ. ಮುಂದಿನ ವಾರ ನಾವಿಬ್ರೂ ಮದುವೆ ಆಗ್ತಾ ಇದೀವಿ.”

ಎಳನೀರಿನವನ ಮಚ್ಚು ಮೇಲಕ್ಕೆ ಹೋದದ್ದು ಅಲ್ಲೇ ನಿಂತಿತು.

ಎಳನೀರು ಕುಡಿಯುತ್ತ ಕಥೆಯೆಲ್ಲ ಹೊರಬಂತು. ಇಬ್ಬರಿಗೂ ಅರವತ್ತು ದಾಟಿದೆ. ಮೇಷ್ಟ್ರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿವೆ. ತ್ರಿಪುರಸುಂದರಿಯವರು ಟೆಲಿಫೋನ್ ಕಚೇರಿಯಲ್ಲಿದ್ದು ನಿವೃತ್ತರಾದವರು, ಮದುವೆಗೆ ಪುರುಸೊತ್ತಾಗಲಿಲ್ಲ ಎನ್ನುವವರು. ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ, ಎಸ್ಕಲೇಟರಿನ ಮೇಲೆ ಕಾಲಿಡಲು ಹೆದರಿ, ಜನರಿಗೆಲ್ಲ ದಾರಿ ಬಿಡುತ್ತ ನಿಂತಿದ್ದ ಮೇಷ್ಟ್ರಿಗೆ ಇವರು ಕೈಕೊಟ್ಟು ಹತ್ತಿಸಿದ್ದರು. “ಮೇಲೆ ಹೋದ್ಮೇಲೂ ಕೈ ಬಿಡ್ಲಿಲ್ಲ,” ಎಂದರು ತ್ರಿಪುರಸುಂದರಿ.

“ಆಂ?” ಎಂದರು ಮೇಷ್ಟ್ರು.

“ಏನಿಲ್ಲ, ಎಳನೀರು ಕುಡೀರಿ!”

ಮೇಷ್ಟ್ರ ಮನೆಯ ಮಹಡಿಯಲ್ಲಿ ತಮ್ಮನ ಸಂಸಾರವಿದೆ. ಒಳ್ಳೆಯವರೇ. ಆದರೆ ಹೋದ ಸಲ ಭಾಸ್ಕರನನ್ನು ಅವರ ಬಳಿ ಬಿಟ್ಟಾಗ ಅದು ಮೆಟ್ಟಿಲಿಂದ ಉರುಳಿಬಿದ್ದಿತ್ತು. ಫೋನ್ ಬೇಡವೆಂದದ್ದೂ ಮದುವೆಯ ಸುದ್ದಿ ಅವರ ಕಿವಿಗೆ ಬೀಳದಿರಲೆಂದೇ: ಮೇಷ್ಟ್ರಿಗೆ ಕಿವಿ ಮಂದ, ಸ್ಪೀಕರ್ ಹಾಕದೆ ಕೇಳಿಸದು, ಸ್ಪೀಕರ್ ಹಾಕಿದರೆ ಮಹಡಿಗೇನು, ಎದುರು ಮನೆಗೂ ಕೇಳುತ್ತದೆ. ಫೋಟೋ ಹಾಕದಿರಲು ಕಾರಣ ಆ ಬಿಳಿ ಕಿವಿ. ಬಸವನಗುಡಿಯಲ್ಲಿ ವಾಕಿಂಗ್ ಹೋಗುವವರಿಗೆಲ್ಲ ಮೇಷ್ಟ್ರಿಗಿಂತ ಭಾಸ್ಕರನ ಗುರುತು ಹೆಚ್ಚು.

“ಈ ವಯಸ್ಸಲ್ಲಿ ಮದುವೆ ಅಂದ್ರೆ ಮೊದ್ಲು ನಗ್ತಾರೆ,” ಎಂದರು ಮೇಷ್ಟ್ರು, ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ. “ಆಮೇಲೆ ಜಾತಕ ಕೇಳ್ತಾರೆ. ಆಮೇಲೆ ನೂರು ಸಲಹೆ. ಆಗೋದು ಆಗ್ಲಿ, ಬಂದು ಹೇಳೋಣ ಅಂತ. ಶ್ರೀರಂಗಪಟ್ಟಣದಲ್ಲಿ ಮದುವೆ, ಅಲ್ಲಿಂದ ಹಾಗೇ ಸ್ವಲ್ಪ ಸುತ್ತಾಟ. ಮನೇಲಿ ಕಾಶಿಯಾತ್ರೆಗೆ ಹೋಗ್ತೀನಿ ಅಂದಿದೀನಿ.”

“ಸುಳ್ಳು ಹೇಳಿದ್ರಾ ಮೇಷ್ಟ್ರೇ?”

“ಸುಳ್ಳೆಲ್ಲಿ? ನಮ್ಮ ಮದುವೇಲಿ ಗಂಡು ಛತ್ರಿ ಹಿಡ್ಕೊಂಡು ಕಾಶಿಯಾತ್ರೆ ಹೊರಡ್ತಾನಲ್ಲ. ನಾನೂ ಹೊರಡ್ತೀನಿ. ಇವಳ ಅಣ್ಣ ಅಲ್ಲೇ ಬಾಗಿಲಲ್ಲಿ ತಡೀತಾನೆ, ನಾನು ವಾಪಸ್ ಬರ್ತೀನಿ, ಅಷ್ಟೇ.”

ಪಂಚಾಕ್ಷರಯ್ಯನವರು ನಕ್ಕು ನಕ್ಕು ಸ್ಟ್ರಾ ಕೈಬಿಟ್ಟರು. ಮನೆಗೆ ನಡೆಯುತ್ತ ಮಾತ್ರ ಮತ್ತೆ ಗಂಭೀರರಾದರು. “ಮೇಷ್ಟ್ರು ಒಳ್ಳೆಯವ್ರು, ನಿಜ. ಆದ್ರೆ ಹೊಸ ಸಂಸಾರ. ಆಯಮ್ಮಂಗೆ ಕುರುಡು ನಾಯಿ ಬೇಡ ಅನ್ನಿಸಿದ್ರೆ? ಬರೋದು ಇವತ್ತು ನಾಳೆ ಅಂತ ಎಳೆದ್ರೆ? ಮಾತು ಮಾತೇ, ರುದ್ರಾಣಿ.”

“ಮಾತು ಮಾತೇ,” ಎಂದರು ರುದ್ರಾಣಿ.

ಭಾಸ್ಕರ ಬಂದ. ಮೊದಲ ದಿನ ಗೋಡೆಗೆ ಮೈ ತಾಗಿಸಿಕೊಂಡು ಮನೆಯನ್ನೆಲ್ಲ ಒಂದು ಸುತ್ತು ಹಾಕಿದ. ಮಂಚ, ಬೀರು, ಹೊಲಿಗೆ ಮಿಷನ್ನು, ಪ್ರತಿಯೊಂದಕ್ಕೂ ಮೂಗು ಮುಟ್ಟಿಸಿ ಲೆಕ್ಕ ಹಾಕಿಕೊಂಡ. ಆಮೇಲೆ ಮುಂಬಾಗಿಲ ಬಳಿ ಹೋಗಿ ಕುಳಿತವನು ಏಳಲಿಲ್ಲ. ರುದ್ರಾಣಿಯವರು ಕೆಳಗಿನ ಗೂಡಿನ ಅಂಚಿನಲ್ಲಿ ಚಕ್ಕುಲಿ ಇಟ್ಟು ಬೇರೆ ಕಡೆ ನೋಡಿದರು. ನೋಡಿದ್ದೇ ಬಂತು. ಭಾಸ್ಕರ ಬರಲಿಲ್ಲ, ಬಾಕಿ ಬಂದು ತಿಂದು ಹೋಯಿತು. ಮಾರನೆಯ ದಿನವೂ ಹಾಗೆಯೇ. ಊಟ ಒಂದಿಷ್ಟು ಮಾಡಿದ, ಕದಿಯಲಿಲ್ಲ. ಕದಿಯದ ನಾಯಿಯನ್ನು ಕಂಡು ರುದ್ರಾಣಿಯವರಿಗೆ ಎಂದೂ ಇಷ್ಟು ಸಂಕಟವಾಗಿರಲಿಲ್ಲ.

ಆಮೇಲಿನ ಬೆಳಗ್ಗೆ ಅವರು ಅಡುಗೆಮನೆಯ ಬಾಗಿಲಿಗೆ ಬಂದವರು ಹಾಗೆಯೇ ನಿಂತರು. ಪಂಚಾಕ್ಷರಯ್ಯನವರು ಪೇಪರು ಓದುತ್ತಿದ್ದರು. ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕಾಫಿ, ತಟ್ಟೆಯಲ್ಲಿ ರಸ್ಕು. ಭಾಸ್ಕರ ಗೋಡೆಗುಂಟ ಬಂದು, ಯಾರೂ ಬರಬಾರದೆಂದಿದ್ದ ಆ ಕುರ್ಚಿಯ ಬಳಿ ನಿಂತಿದ್ದ. ಕಿವಿ ನಿಮಿರಿಸಿ ಪೇಪರಿನ ಸದ್ದು ಆಲಿಸಿದ. ಪೇಪರು ಮಿಸುಕಲಿಲ್ಲ. ಮೂಗು ಚಾಚಿ, ರಸ್ಕನ್ನು ಬಾಯಲ್ಲಿ ಕಚ್ಚಿ, ಗೋಡೆಗೆ ಮೈ ಉಜ್ಜುತ್ತ ಓಡಿದ. ಬಾಲ ಧ್ವಜದಂತೆ ಎದ್ದಿತ್ತು. ಪೇಪರು ಇನ್ನೂ ಸ್ವಲ್ಪ ಮೇಲಕ್ಕೇರಿತು. ಅದರ ಹಿಂದೆ ಗಂಡನ ಭುಜ ಅಲುಗುವುದು ಮಾತ್ರ ರುದ್ರಾಣಿಯವರಿಗೆ ಕಂಡಿತು.

ಮಾರನೆಯ ಬೆಳಗ್ಗೆ ರಸ್ಕು ತಟ್ಟೆಯ ನಡುವೆ ಇರಲಿಲ್ಲ, ಸ್ಟೂಲಿನ ಅಂಚಿಗೆ ಬಂದಿತ್ತು. ಅದರ ಮಾರನೆಯ ದಿನ, ಕಸ ಗುಡಿಸಲು ಸ್ಟೂಲು ಸರಿಸಹೋದ ರುದ್ರಾಣಿಯವರನ್ನು ಪಂಚಾಕ್ಷರಯ್ಯನವರು ತಡೆದರು. “ಅದನ್ನ ಅಲ್ಲೇ ಬಿಡು. ಜಾಗ ಬದಲಾಯ್ಸಿದ್ರೆ ಅವನಿಗೆ ಗೊತ್ತಾಗಲ್ಲ.”

“ಯಾರಿಗ್ರೀ?”

“ಕಾಫಿಗೆ,” ಎಂದರು, ಪೇಪರು ಬಿಡಿಸುತ್ತ.

ಮೇಷ್ಟ್ರು ಬರುತ್ತೇನೆಂದ ದಿನ ಬೆಳಗ್ಗೆ ರುದ್ರಾಣಿಯವರು ಭಾಸ್ಕರನ ಮೈ ಬಾಚಿ ಸಿದ್ಧವಿಟ್ಟರು. ಹನ್ನೊಂದರೊಳಗೆ ಬರುತ್ತೇವೆ ಎಂದಿದ್ದರು. ಮಧ್ಯಾಹ್ನವಾಯಿತು, ಬರಲಿಲ್ಲ. ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು; ಕೇಳಿಸಿರಲಾರದು. ಅಂಗಡಿಗೆ ರಜೆ ಹಾಕಿದ್ದ ಪಂಚಾಕ್ಷರಯ್ಯನವರು ಊಟ ಮಾಡಿ, ಮಲಗಿ, ಎದ್ದು, ಬಾಗಿಲಿಗೆ ಹೋಗಿ ಬಂದರು. ರುದ್ರಾಣಿಯವರು ಮತ್ತೊಮ್ಮೆ ಗಡಿಯಾರ ನೋಡಿದರು. ಮೊಬೈಲಿನಲ್ಲಿ ಆ್ಯಪು ತೆರೆದರು. ತಮ್ಮ ಹೆಸರು, ನಗುತ್ತಿರುವ ತಮ್ಮ ಫೋಟೋ, ಕೆಳಗೆ ಕಾಲುಚೀಲದವರು, ಹಲ್ಲಿನ ಸೆಟ್ಟಿನವರು ಬರೆದ ಒಳ್ಳೆಯ ಮಾತುಗಳು. ಸಂಜೆ ಬಿಸಿಲು ಜಗುಲಿಯಿಂದ ಇಳಿದಾಗ ತಾವಾಗಿಯೇ ಹೇಳಿದರು:

“ರೀ, ಇವತ್ತು ಅವ್ರು ಬರ್ಲಿಲ್ಲ ಅಂದ್ರೆ, ನೀವು ಹೇಳಿದ ಮಾತಿನ ಪ್ರಕಾರ...”

“ಯಾವ ಮಾತು?”

“ಅದೇ. ಇನ್ನೊಂದು ನಾಯಿ ಉಳಿದ್ರೆ ಆ್ಯಪು ತೆಗೆದುಬಿಡು ಅಂದಿದ್ರಲ್ಲ.”

“ನಾನು? ಯಾವಾಗ?” ಪಂಚಾಕ್ಷರಯ್ಯನವರು ಬೀದಿಯ ಕಡೆ ಮುಖ ತಿರುಗಿಸಿದರು. “ರೈಲು ಲೇಟಾಗಿರತ್ತೆ ಕಣೇ. ಹೊಸದಾಗಿ ಮದುವೆ ಆದೋರು, ನಾಕು ಕಡೆ ಕರೀತಾರೆ. ಬರದೇ ಇದ್ರೆ ಏನೀಗ? ಬಾಕಿಗೂ ಜೊತೆ ಬೇಡ್ವಾ?”

ರುದ್ರಾಣಿಯವರು ಆ್ಯಪು ಮುಚ್ಚಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡರು. ನಗು ಕಾಣದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಬೀದಿಯ ತಿರುವಿನಲ್ಲಿ ಆಟೋದ ಸದ್ದು ಕೇಳುವ ಮೊದಲೇ ಭಾಸ್ಕರ ಎದ್ದು ನಿಂತ. ಆಟೋ ನಿಲ್ಲುವ ಹೊತ್ತಿಗೆ ಅವನ ಇಡೀ ಹಿಂಭಾಗ ಬಾಲದ ಜೊತೆಗೇ ಅಲ್ಲಾಡುತ್ತಿತ್ತು.

“ತಪ್ಪಾಯ್ತು, ತಪ್ಪಾಯ್ತು!” ಮೇಷ್ಟ್ರು ಇಳಿಯುವ ಮೊದಲೇ ಕೂಗಿದರು. ತಲೆಯಲ್ಲಿ ಟೋಪಿ ಇರಲಿಲ್ಲ. “ಮೊದ್ಲು ಮನೆಗೆ ಹೋಗಿ ಹೇಳ್ಬಿಡೋಣ ಅಂತ ಹೋದ್ವಿ. ಅವ್ರು ಬಿಡ್ಲೇ ಇಲ್ಲ! ಆರತಿ ಎತ್ತಿದ್ರು, ಪಾಯಸ ಮಾಡಿ ಊಟ ಹಾಕಿದ್ರು! ತಮ್ಮನ ಹೆಂಡ್ತಿ ಕೇಳಿದ್ಲು, ಭಾವ, ಕಾಶಿಯಿಂದ ಏನ್ ತಂದ್ರಿ ಅಂತ. ಇವಳನ್ನ ತೋರಿಸ್ದೆ!”

“ಗಂಗಾಜಲದ ಥರ ನನ್ನ ಬಾಗಿಲಲ್ಲಿ ನಿಲ್ಸಿದ್ರು,” ಎನ್ನುತ್ತ ತ್ರಿಪುರಸುಂದರಿಯವರು ಒಂದು ಸ್ಟೀಲ್ ಡಬ್ಬಿ ಹಿಡಿದು ಇಳಿದರು. ಅದರ ತುಂಬ ಚಕ್ಕುಲಿ. ಜಗುಲಿಯ ಅಂಚಿನಲ್ಲಿ ಒಂದನ್ನಿಟ್ಟು, ಹೇಳಿಸಿಕೊಂಡವರಂತೆ ಸೆರಗು ಸರಿಪಡಿಸಿಕೊಳ್ಳುತ್ತ ಬೇರೆ ಕಡೆ ನೋಡಿದರು. ಮೇಷ್ಟ್ರೂ ನೋಡಿದರು. ರುದ್ರಾಣಿಯವರೂ, ಪಂಚಾಕ್ಷರಯ್ಯನವರೂ ನೋಡಿದರು. ನಾಲ್ವರು ದೊಡ್ಡವರು ನಾಲ್ಕು ದಿಕ್ಕು ನೋಡುತ್ತ ನಿಂತದ್ದನ್ನು ಕಂಡ ಆಟೋದವನು, ತಾನೂ ಯಾಕೋ ಆಕಾಶ ನೋಡಿದ. ಭಾಸ್ಕರ ಕದ್ದ.

ಹೊರಡುವಾಗ ಪಂಚಾಕ್ಷರಯ್ಯನವರು ಆಟೋದ ಕಂಬಿ ಹಿಡಿದು ನಿಂತೇ ಇದ್ದರು. “ಇವತ್ತೇ ಕರ್ಕೊಂಡ್ ಹೋಗ್ಬೇಕಾ ಮೇಷ್ಟ್ರೇ? ಇನ್ನೆರಡು ದಿನ ಇದ್ದಿದ್ರೆ...”

“ಆಂ?”

“ಏನಿಲ್ಲ. ಬೇಳೆ ಹೊಸ ಮಾಲು ಬಂದಿದೆ. ಬನ್ನಿ ಅಂದೆ!”

ಮರುದಿನ ಬೆಳಗ್ಗೆ ರುದ್ರಾಣಿಯವರು ಕಾಫಿ ತಂದಾಗ ರಸ್ಕು ಸ್ಟೂಲಿನ ಅಂಚಿನಲ್ಲೇ ಇತ್ತು. ಎದುರಿಗೆ ಬಾಕಿ ಕುಳಿತಿತ್ತು. ಪಂಚಾಕ್ಷರಯ್ಯನವರು ಪೇಪರು ಎತ್ತಿ ಮುಖ ಮುಚ್ಚಿಕೊಂಡರು. ಬಾಕಿ ಪೇಪರಿನ ಕೆಳಗಿನಿಂದ ಅವರ ಮುಖವನ್ನೇ ನೋಡಿ, ಬಾಲ ಅಲ್ಲಾಡಿಸಿ, ಕೊಡಲಿ ಎಂದು ಕಾಯತೊಡಗಿತು.

“ಕಣ್ಣಿದ್ದೂ ದಂಡ, ಇದಕ್ಕೆ ಕದಿಯೋಕೂ ಬರಲ್ಲ,” ಎಂದು ಅವರು ಕೈಯಾರೆ ತಿನ್ನಿಸಿದರು.

ಆ ಹೊತ್ತಿಗೆ ರುದ್ರಾಣಿಯವರ ಮೊಬೈಲು ಸದ್ದು ಮಾಡಿತು. ಹೊಸ ಬುಕಿಂಗ್. ತುರ್ತು ವರ್ಗಾವಣೆ, ಲ್ಯಾಬ್ರಡಾರ್, ಮುಂಗಡಕ್ಕೆ ಸಿದ್ಧ.

“ಕರ್ನಲ್ ಬಂದ,” ಎಂದರು ರುದ್ರಾಣಿ.

ಪಂಚಾಕ್ಷರಯ್ಯನವರು ಕೈಗಂಟಿದ್ದ ರಸ್ಕಿನ ಪುಡಿಯನ್ನು ಪಂಚೆಗೆ ಒರೆಸಿಕೊಂಡು, ಕನ್ನಡಕ ಏರಿಸಿ, ಕೈ ಚಾಚಿದರು.

“ಕೊಡು ಇಲ್ಲಿ. ಇವನನ್ನ ನಾನು ಕೇಳ್ತೀನಿ.”